ಅಂಗೈಗೆ ಇಳಿದ ರಾಬಿನ್

ಹಿಮ ಬಿದ್ದ ನೆಲ. ಅದರ ಮೇಲೆ ಮಂಡಿಯೂರಿ, ಕೈಯ ಹಿಂಬದಿ ನೆಲಕ್ಕೆ ತಾಗುವಂತೆ ಅಂಗೈ ಬಿಡಿಸಿಟ್ಟು, ಅಲುಗಾಡದೆ ಕುಳಿತಿರಬೇಕು. ನೀವಾದರೆ ಎಷ್ಟು ಹೊತ್ತು ಕೂರಬಲ್ಲಿರಿ? ಐದು ನಿಮಿಷ? ಹತ್ತು ನಿಮಿಷ? ಬೆರಳು ಮರಗಟ್ಟುತ್ತದೆ, ಮೂಗಿನ ತುದಿ ತುರಿಸುತ್ತದೆ, ಕಾಲು ಜೋಮು ಹಿಡಿಯುತ್ತದೆ. ಇಂಗ್ಲೆಂಡಿನ ಉತ್ತರದ ಒಂದು ಹಳ್ಳಿಯಲ್ಲಿ ವಯಸ್ಸಾದ ಒಬ್ಬರು ಚಳಿಗಾಲದಲ್ಲಿ ಹೀಗೆ ಕೂರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಎದೆಯ ಪುಟ್ಟ ಹಕ್ಕಿಯೊಂದು ಬಂದು ಅವರ ಬೆರಳಿನ ಮೇಲೆಯೇ ನಿಂತು ಹುಳು ತಿನ್ನುತ್ತಿತ್ತು. ಅದು ಸಾಕಿದ ಹಕ್ಕಿಯಲ್ಲ, ಪಂಜರದ ಹಕ್ಕಿಯೂ ಅಲ್ಲ. ತನ್ನ ಪಾಡಿಗೆ ಸ್ವತಂತ್ರವಾಗಿ ಬದುಕುವ ಹಕ್ಕಿ.

ಆ ವ್ಯಕ್ತಿಯ ಹೆಸರು ಸರ್ ಎಡ್ವರ್ಡ್ ಗ್ರೇ. ಮೊದಲನೆಯ ಮಹಾಯುದ್ಧದ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತು. 1905ರ ಡಿಸೆಂಬರಿನಿಂದ 1916ರ ಡಿಸೆಂಬರಿನವರೆಗೆ, ಸತತ ಹನ್ನೊಂದು ವರ್ಷ ಅವರು ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾಗಿದ್ದರು. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಅವರ ಕಾಲದಲ್ಲಿಯೇ. ಇತಿಹಾಸದ ಪುಸ್ತಕದಲ್ಲಿ ಅವರ ಹಕ್ಕಿಗಳ ಮಾತು ಸಾಮಾನ್ಯವಾಗಿ ಬರುವುದಿಲ್ಲ. ವಿಜ್ಞಾನದ ಪುಟದಲ್ಲಿ ಬರಬೇಕು. ಬನ್ನಿ, ನೋಡೋಣ.

ಕಾಲೇಜಿನಿಂದ ಹೊರಬಿದ್ದ ಹುಡುಗ

ಎಡ್ವರ್ಡ್ ಗ್ರೇ ಹುಟ್ಟಿದ್ದು 1862ರ ಏಪ್ರಿಲ್ 25ರಂದು, ಲಂಡನ್ ನಗರದಲ್ಲಿ. ಹನ್ನೆರಡು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಅಜ್ಜನ ಆಸರೆಯಲ್ಲಿ, ನಾರ್ತಂಬರ್‌ಲ್ಯಾಂಡ್ ಜಿಲ್ಲೆಯ ಫ್ಯಾಲೊಡನ್ ಎಂಬಲ್ಲಿ ಹುಡುಗ ಬೆಳೆದ. ದೊಡ್ಡ ಮನೆ, ಸುತ್ತ ಮರಗಳು, ಕೊಳ. ಕೆಲವೇ ಕಿಲೋಮೀಟರ್ ದೂರದಲ್ಲಿ ಸಮುದ್ರ. ಹುಡುಗನಿಗೆ ಪುಸ್ತಕಕ್ಕಿಂತ ಗಾಳ ಹಾಕಿ ಮೀನು ಹಿಡಿಯುವುದರಲ್ಲಿ ಹೆಚ್ಚು ಆಸಕ್ತಿ.

ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೇಲಿಯಲ್ ಕಾಲೇಜು ಸೇರಿದ. ಅಲ್ಲಿ ಓದಿದ್ದು ಕಡಿಮೆ, ಆಡಿದ್ದು ಹೆಚ್ಚು. 1884ರಲ್ಲಿ ಸೋಮಾರಿತನದ ಕಾರಣಕ್ಕೆ ಕಾಲೇಜಿನವರು ಅವನನ್ನು ಮನೆಗೆ ಕಳಿಸಿಬಿಟ್ಟರು! ಪರೀಕ್ಷೆಗೆ ಮಾತ್ರ ಮತ್ತೆ ಹೋಗಿ ಮೂರನೆಯ ದರ್ಜೆಯಲ್ಲಿ ಪಾಸಾದ. (ಇದೇ ವಿಶ್ವವಿದ್ಯಾಲಯ 1928ರಲ್ಲಿ ಅವರನ್ನು ತನ್ನ ಕುಲಪತಿಯನ್ನಾಗಿ ಆರಿಸಿಕೊಂಡಿತು. ಈ ಸಂಗತಿಯನ್ನು ಮನೆಯಲ್ಲಿ ಹೇಳುವಾಗ ಸ್ವಲ್ಪ ಎಚ್ಚರಿಕೆಯಿಂದ ಹೇಳಿ!)

ಆದರೆ ಮನೆಗೆ ಮರಳಿದ ಆ ವರ್ಷವೇ ಗ್ರೇ ಒಂದು ಕೆಲಸ ಶುರುಮಾಡಿದರು. ಫ್ಯಾಲೊಡನ್ನಿನ ಕೊಳಗಳಲ್ಲಿ ಬಗೆಬಗೆಯ ಬಾತುಗಳನ್ನು ತಂದು ಬಿಟ್ಟರು. ಹಾರಿಹೋಗದಂತೆ ಕೆಲವು ಬಾತುಗಳ ರೆಕ್ಕೆಯ ತುದಿಯನ್ನು ಕತ್ತರಿಸುವುದು ಆ ಕಾಲದ ರೂಢಿ. ಇಂದು ನಮಗೆ ಇದು ಸರಿ ಎನಿಸುವುದಿಲ್ಲ. ಆದರೆ ಅಲ್ಲಿಯೇ ಹುಟ್ಟಿದ ಮರಿಗಳ ರೆಕ್ಕೆಯನ್ನು ಅವರು ಮುಟ್ಟದೆ ಬಿಟ್ಟರು. ಅವು ಬೇಕಾದಲ್ಲಿಗೆ ಹಾರಬಹುದಿತ್ತು. ಹಾಗೆ ಹಾರಿಹೋದ ಕೆಲವು ಮರಳಿಯೂ ಬಂದವು. ಗ್ರೇ ನೆಲದ ಮೇಲೆ ಕುಳಿತು ಕೈ ಚಾಚಿದರೆ, ಪೂರ್ಣ ರೆಕ್ಕೆಯ ಬಾತುಗಳು ನೀರಿನಿಂದ ಎದ್ದು ಬಂದು ಕೈಯಿಂದಲೇ ತಿನ್ನುತ್ತಿದ್ದವು. ಅವರು ಬಾತುಗಳಿಂದ ಕಲಿತ ಪಾಠ ಮುಂದೆ ರಾಬಿನ್ ಹಕ್ಕಿಗೆ ಉಪಯೋಗಕ್ಕೆ ಬಂತು.

ಯುರೋಪಿನ ಕೊಳಗಳಿಗೆ ಬರುವ ಬಾತುಗಳಲ್ಲಿ ಕೆಲವನ್ನು ನೀವೂ ನೋಡಿರಬಹುದು. ಪಿನ್‌ಟೇಲ್ ಎಂಬ ಸೂಜಿಬಾಲದ ಬಾತು, ವಿಜನ್ ಎಂಬ ಬಾತು ಉತ್ತರದ ಚಳಿಯಿಂದ ತಪ್ಪಿಸಿಕೊಂಡು ನಮ್ಮ ರಾಜ್ಯದ ಕೆರೆಗಳಿಗೂ ಬರುತ್ತವೆ. ಅವು ಬರುವುದು ಯಾಕೆ ಗೊತ್ತೇ? ಮುಖ್ಯವಾಗಿ ಊಟಕ್ಕಾಗಿ. ನಮ್ಮಲ್ಲಿ ಮಾಗಿಯ ಚಳಿ ಎಷ್ಟೇ ಇದ್ದರೂ ಕೆರೆಯ ನೀರು ಗಡ್ಡೆ ಕಟ್ಟುವುದಿಲ್ಲ, ನೆಲ ಕಲ್ಲಾಗುವುದಿಲ್ಲ, ಹುಳುಹುಪ್ಪಟೆ ಮಾಯವಾಗುವುದಿಲ್ಲ. ಹಾಗಾದರೆ ವಲಸೆ ಹೋಗದೆ ಇಂಗ್ಲೆಂಡಿನಲ್ಲೇ ಉಳಿಯುವ ಪುಟ್ಟ ಹಕ್ಕಿಗಳ ಗತಿ?

ಹದಿನೇಳು ಗಂಟೆಯ ರಾತ್ರಿ

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇಂಗ್ಲೆಂಡಿನ ರಾಬಿನ್ ಹಕ್ಕಿಯ ತೂಕ ಸುಮಾರು 18 ಗ್ರಾಂ. ಅಂದರೆ ಝೆರಾಕ್ಸ್ ಅಂಗಡಿಯ ನಾಲ್ಕು ಬಿಳಿ ಹಾಳೆಗಳ ತೂಕಕ್ಕಿಂತ ಒಂದಿಷ್ಟು ಕಡಿಮೆ! ಅದರ ಮೈಯ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಸೊನ್ನೆ ಡಿಗ್ರಿ, ಕೆಲವೊಮ್ಮೆ ಅದಕ್ಕೂ ಕೆಳಗೆ.

ಒಂದು ಪ್ರಯೋಗ ಮಾಡಿ. ಒಂದು ಬಿಂದಿಗೆಯಲ್ಲಿ ಬಿಸಿನೀರು ತುಂಬಿಸಿ, ಅದೇ ನೀರನ್ನು ಒಂದು ಪುಟ್ಟ ಲೋಟಕ್ಕೂ ಹಾಕಿ. (ಬಿಸಿನೀರಿನ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.) ಯಾವುದು ಬೇಗ ಆರುತ್ತದೆ? ಲೋಟದ ನೀರು. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಶಾಖ ಸೋರಿಹೋಗುವುದು ಹೊರಮೈಯಿಂದಲೇ. ಆನೆ ಬಿಂದಿಗೆ ಇದ್ದಂತೆ, ರಾಬಿನ್ ಲೋಟ ಇದ್ದಂತೆ. ಲೋಟದ ನೀರು ಆರದಂತೆ ನೋಡಿಕೊಳ್ಳಲು ಕೆಳಗೆ ಸದಾ ಉರಿ ಬೇಕು. ಹಕ್ಕಿಯ ಮೈಯಲ್ಲಿ ಉರಿಯುವ ಸೌದೆ ಎಂದರೆ ಕೊಬ್ಬು. ಗರಿ ಕೆದರಿಕೊಂಡು ಉಂಡೆಯಂತೆ ಕುಳಿತರೂ ಒಂದೇ ಚಳಿರಾತ್ರಿಯಲ್ಲಿ ಇಂಥ ಹಕ್ಕಿಯ ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯಬಹುದು.

ಇಳಿದದ್ದನ್ನು ಮಾರನೆಯ ಹಗಲು ತಿಂದು ತುಂಬಿಸಿಕೊಳ್ಳಬೇಕು. ಆದರೆ ಹಗಲು ಎಷ್ಟು ಉದ್ದ? ನಮ್ಮ ರಾಜ್ಯದಲ್ಲಿ ಡಿಸೆಂಬರಿನಲ್ಲೂ 11 ಗಂಟೆಗಿಂತ ಹೆಚ್ಚು ಹಗಲಿರುತ್ತದೆ. ಫ್ಯಾಲೊಡನ್ ಇರುವುದು 55 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿ. ಅಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಕೇವಲ 7 ಗಂಟೆ, ರಾತ್ರಿ 17 ಗಂಟೆ. ರಾಬಿನ್ ನೆಲದ ಮೇಲೆ ಹುಳು ಹೆಕ್ಕುವ ಹಕ್ಕಿ. ನೆಲವೇ ಹೆಪ್ಪುಗಟ್ಟಿದರೆ, ಮೇಲೆ ಹಿಮ ಬಿದ್ದರೆ? ಎರಡು ಮೂರು ದಿನ ಹೀಗೇ ಮುಂದುವರಿದರೆ ಹಕ್ಕಿಗಳು ಗೂಡುಗೂಡಲ್ಲಿ ಸಾಯುತ್ತವೆ ಎಂದಲ್ಲ, ಪೊದೆಯಡಿ ಸದ್ದಿಲ್ಲದೆ ಬಿದ್ದಿರುತ್ತವೆ. ಇಂಥ ದಿನಗಳಲ್ಲಿ ಮನೆಯ ಹಿತ್ತಲಿನಲ್ಲಿ ಸಿಗುವ ಒಂದು ಹಿಡಿ ಆಹಾರ ಹಕ್ಕಿಗೆ ಇನ್ನೊಂದು ರಾತ್ರಿಯ ಉರಿ ಒದಗಿಸುತ್ತದೆ. 1890–91ರ ಘೋರ ಚಳಿಗಾಲದಲ್ಲಿ ಬ್ರಿಟನ್ನಿನ ಜನಸಾಮಾನ್ಯರು ಹಕ್ಕಿಗಳಿಗೆ ಆಹಾರ ಹಾಕತೊಡಗಿದ್ದು ಹೀಗೆಯೇ. ಅಲ್ಲಿಂದ ಅದು ಆ ದೇಶದ ಮನೆಮನೆಯ ಅಭ್ಯಾಸವಾಯಿತು.

ಮಂತ್ರಿಯ ವಾರದ ಕೊನೆ

ಗ್ರೇ 1885ರಲ್ಲಿ ಡೊರೊಥಿ ಎಂಬುವರನ್ನು ಮದುವೆಯಾದರು. ಅದೇ ವರ್ಷ ಪಾರ್ಲಿಮೆಂಟಿಗೂ ಆರಿಸಿಬಂದರು. ಇಬ್ಬರಿಗೂ ಲಂಡನ್ನಿನ ಗದ್ದಲ ಸೇರದು. 1890ರಲ್ಲಿ ದಕ್ಷಿಣ ಇಂಗ್ಲೆಂಡಿನ ಇಚೆನ್ ನದಿಯ ದಡದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡರು. ವಾರದ ಕೊನೆಗೆ ರೈಲು ಹತ್ತಿ ಅಲ್ಲಿಗೆ ಹೋಗಿಬಿಡುತ್ತಿದ್ದರು. ಯಾವ ಹಕ್ಕಿ ಎಂದು ಹಾಡಿತು, ಯಾವ ಹೂ ಎಂದು ಅರಳಿತು ಎಂಬುದನ್ನು ಇಬ್ಬರೂ ಸೇರಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನೀವು ಶಾಲೆಯಲ್ಲಿ ಮಾಡುವ ಪ್ರಕೃತಿ ದಿನಚರಿಯಂಥದೇ ಪುಸ್ತಕ ಅದು.

ಮಂತ್ರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. 1906ರ ಫೆಬ್ರುವರಿಯಲ್ಲಿ ಡೊರೊಥಿ ಫ್ಯಾಲೊಡನ್ನಿನ ಹತ್ತಿರ ಕುದುರೆಗಾಡಿಯಿಂದ ಬಿದ್ದು ತೀರಿಕೊಂಡರು. ಗ್ರೇ ಕೆಲಸ ಬಿಡಲಿಲ್ಲ, ಹಕ್ಕಿಗಳನ್ನೂ ಬಿಡಲಿಲ್ಲ.

1910ರ ಜೂನ್‌ನಲ್ಲಿ ಒಂದು ಸ್ವಾರಸ್ಯದ ಘಟನೆ ನಡೆಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಇಂಗ್ಲೆಂಡಿಗೆ ಬಂದಿದ್ದರು. ಅವರಿಗೂ ಹಕ್ಕಿಗಳ ಹುಚ್ಚು. ಇಂಗ್ಲೆಂಡಿನ ಹಕ್ಕಿಗಳ ಹಾಡು ಕೇಳಬೇಕು, ಗುರುತಿಸಿ ಹೇಳುವವರು ಜೊತೆಗೆ ಬೇಕು ಎಂಬುದು ಅವರ ಬಯಕೆ. ವಿದೇಶಾಂಗ ಮಂತ್ರಿಯೇ ಮಾರ್ಗದರ್ಶಿಯಾಗಿ ಹೊರಟರು! ಇಚೆನ್ ಕಣಿವೆಯಲ್ಲಿ, ನ್ಯೂ ಫಾರೆಸ್ಟ್ ಕಾಡಿನಲ್ಲಿ ಇಬ್ಬರೂ ನಡೆದು ಸುಮಾರು 40 ಜಾತಿಯ ಹಕ್ಕಿಗಳನ್ನು ಕಂಡರು. ಅವುಗಳಲ್ಲಿ ಸುಮಾರು 20 ಜಾತಿಗಳ ಹಾಡನ್ನು ಕೇಳಿದರು.

ಕಿವಿಯಿಂದ ಹಕ್ಕಿ ಗುರುತಿಸುವ ಈ ವಿದ್ಯೆ ಗ್ರೇ ಅವರಿಗೆ ಮುಂದೆ ಎಷ್ಟು ಬೇಕಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

1914ರ ಹೊತ್ತಿಗೆ ಅವರ ಕಣ್ಣು ಮಂಜಾಗತೊಡಗಿತು. ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದರು. ಅದು ವಿಶ್ರಾಂತಿಯ ವರ್ಷವೇ? ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಯುದ್ಧ ತಪ್ಪಿಸಲು ಗ್ರೇ ಇನ್ನೂ ಹೆಚ್ಚು ಮಾಡಬಹುದಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಧಿಕಾರ ಬಿಟ್ಟು 1916ರ ಕೊನೆಯಲ್ಲಿ ಫ್ಯಾಲೊಡನ್ನಿಗೆ ಮರಳಿದಾಗ ಅವರಿಗೆ 54 ವರ್ಷ. 1917ರಲ್ಲಿ ಆ ಮನೆಗೂ ಬೆಂಕಿ ಬಿತ್ತು. ಮುಂದೆ 1923ರಲ್ಲಿ ಇಚೆನ್ ದಡದ ಪುಟ್ಟ ಮನೆಯೂ ಸುಟ್ಟುಹೋಯಿತು. ಇಷ್ಟರಲ್ಲಿ ಸಾಮಾನ್ಯ ಪುಸ್ತಕ ಓದಲು ಅವರಿಂದ ಆಗುತ್ತಿರಲಿಲ್ಲ. ಬೆರಳ ತುದಿಯಿಂದ ಉಬ್ಬು ಚುಕ್ಕೆಗಳನ್ನು ಮುಟ್ಟಿ ಓದುವ ಬ್ರೈಲ್ ಲಿಪಿಯನ್ನು ಆ ವಯಸ್ಸಿನಲ್ಲಿ ಕಲಿತರು.

ಹುಳುವಿನ ಡಬ್ಬಿ

ದೂರದ ಕೊಂಬೆಯ ಮೇಲಿನ ಹಕ್ಕಿ ಮಸುಕು. ಹಾಗಾದರೆ ಹಕ್ಕಿಯೇ ಹತ್ತಿರ ಬಂದರೆ?

ಗ್ರೇ ಅವರು ಬಳಸಿದ ಆಹಾರ ಮೀಲ್‌ವರ್ಮ್. ಇದು ಹಿಟ್ಟು, ತೌಡುಗಳಲ್ಲಿ ಬೆಳೆಯುವ ಒಂದು ಜಾತಿಯ ದುಂಬಿಯ ಮರಿಹುಳು. ಕೊಬ್ಬು, ಪ್ರೋಟೀನು ಎರಡೂ ಇರುವ ಈ ಹುಳು ಎಂದರೆ ರಾಬಿನ್‌ಗೆ ಪ್ರಾಣ. ಮೊದಲು ರೊಟ್ಟಿಯ ಚೂರನ್ನು ನೆಲಕ್ಕೆ ಎಸೆಯುತ್ತಿದ್ದರು. ಹಕ್ಕಿ ಬಂದು ತಿಂದ ಮೇಲೆ ಹುಳು ಎಸೆಯುತ್ತಿದ್ದರು. ಆಮೇಲೆ ಹುಳು ತುಂಬಿದ ಪುಟ್ಟ ಲೋಹದ ಡಬ್ಬಿಯನ್ನು ತೆರೆದು ನೆಲದ ಮೇಲಿಡುತ್ತಿದ್ದರು. ಹಕ್ಕಿ ಡಬ್ಬಿಗೆ ಒಗ್ಗಿಕೊಂಡಿತು ಅನ್ನಿ. ಈಗ ಕಷ್ಟದ ಹೆಜ್ಜೆ. ಮಂಡಿಯೂರಿ, ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿಟ್ಟು, ಅದರ ಮೇಲೆ ಡಬ್ಬಿ ಇಡಬೇಕು. ಬೆರಳುಗಳು ಡಬ್ಬಿಯಿಂದ ಮುಂದಕ್ಕೆ ಚಾಚಿರಬೇಕು. ಹುಳು ಬೇಕಾದರೆ ಹಕ್ಕಿ ಬೆರಳಿನ ಮೇಲೆ ನಿಲ್ಲಲೇಬೇಕು! ಒಮ್ಮೆ ನಿಂತಿತೆಂದರೆ ಮುಗಿಯಿತು. ಆಮೇಲೆ ಕೈಯನ್ನು ನೆಲದಿಂದ ಮೇಲೆತ್ತಿ ಹಿಡಿದರೂ ಹಾರಿ ಬಂದು ಕೂರುತ್ತದೆ.

ಕೊರೆಯುವ ಚಳಿಯಲ್ಲಿ, ಹಸಿವು ಹೆಚ್ಚಿದ್ದಾಗ, ಇಷ್ಟೂ ಕೆಲಸ ಎರಡು ಮೂರು ದಿನದಲ್ಲಿ ಆಗಿಬಿಡುತ್ತಿತ್ತು. ವಿಶೇಷವೆಂದರೆ, ಚಳಿ ಕಡಿಮೆಯಾಗಿ ಬೇರೆ ಕಡೆ ಆಹಾರ ಸಿಗುವಂತಾದ ಮೇಲೂ ಹಕ್ಕಿಯ ನಂಬಿಕೆ ಹೋಗುತ್ತಿರಲಿಲ್ಲ. ಗ್ರೇ ಅವರ ಹ್ಯಾಟಿನ ಮೇಲೆಯೇ ರಾಬಿನ್ ಕುಳಿತಿರುವ ಒಂದು ಫೋಟೋ ಬಹಳ ಪ್ರಸಿದ್ಧವಾಗಿದೆ.

ಎಲ್ಲ ಬಿಟ್ಟು ರಾಬಿನ್ ಏಕೆ ಇಷ್ಟು ಸಲಿಗೆ ತೋರಿಸುತ್ತದೆ? ಕಾಡಿನಲ್ಲಿ ಹಂದಿಯಂಥ ಪ್ರಾಣಿಗಳು ನೆಲ ಕೆದಕುವಾಗ ಮೇಲೆ ಬರುವ ಹುಳುಗಳನ್ನು ಹೆಕ್ಕಲು ಈ ಹಕ್ಕಿ ಅವುಗಳ ಬೆನ್ನು ಹಿಡಿಯುತ್ತದೆ. ತೋಟ ಅಗೆಯುವ ಮನುಷ್ಯನೂ ಅದರ ಪಾಲಿಗೆ ಇನ್ನೊಂದು ಹಂದಿ ಇರಬೇಕು! ನಮ್ಮಲ್ಲಿ ಉಳುವ ನೇಗಿಲಿನ ಹಿಂದೆ, ಮೇಯುವ ಎಮ್ಮೆಯ ಪಕ್ಕದಲ್ಲಿ ಬೆಳ್ಳಕ್ಕಿ ನಡೆಯುವುದಿಲ್ಲವೇ, ಹಾಗೆ.

ಬಿಳಿಗರಿ

ಇಷ್ಟಕ್ಕೇ ನಿಂತಿದ್ದರೆ ಇದು ಹಕ್ಕಿ ಪ್ರೀತಿಯ ಕಥೆಯಾಗುತ್ತಿತ್ತು, ವಿಜ್ಞಾನದ್ದಾಗುತ್ತಿರಲಿಲ್ಲ. ಗ್ರೇ ಆಹಾರ ಹಾಕಿ ಸುಮ್ಮನಾಗಲಿಲ್ಲ. ಬಂದದ್ದು ಯಾರು ಎಂದು ಕೇಳಿಕೊಂಡರು. ನಮಗೆ ಒಂದು ಕಾಗೆಯಂತೆಯೇ ಇನ್ನೊಂದು ಕಾಗೆ. ಇಂದು ಬಂದದ್ದೇ ನಿನ್ನೆಯದು ಎಂದು ಹೇಳುವುದು ಹೇಗೆ? ಅದೃಷ್ಟಕ್ಕೆ ಒಂದು ರಾಬಿನ್‌ನ ರೆಕ್ಕೆಯಲ್ಲಿ ಒಂದು ಬಿಳಿಯ ಗರಿ ಇತ್ತು. ಗ್ರೇ ಅದನ್ನು ಬಿಳಿಗರಿ ಎಂದೇ ಕರೆದರು. ಅಂಗೈ ಮೇಲೆ ಬಂದು ನಿಲ್ಲುವ ಹಕ್ಕಿಯಾದ್ದರಿಂದ ಆ ಗುರುತು ಕಾಣಲು ಚುರುಕು ಕಣ್ಣು ಬೇಕಿರಲಿಲ್ಲ.

ಹೀಗೆ ಒಂದೊಂದೇ ಹಕ್ಕಿಯನ್ನು ಗುರುತಿಟ್ಟು ನೋಡಿದಾಗ ತೋಟದ ಭೂಪಟವೇ ಬದಲಾಯಿತು. ತೋಟದ ಈ ಮೂಲೆಯ ರಾಬಿನ್ ಆ ಮೂಲೆಗೆ ಬರುತ್ತಿರಲಿಲ್ಲ. ಬಂದರೆ ಜಗಳ. ಹೊಲಕ್ಕೆ ಬದು ಇರುವಂತೆ ಪ್ರತಿ ಹಕ್ಕಿಗೂ ಕಣ್ಣಿಗೆ ಕಾಣದ ಒಂದು ಗಡಿ. ಚಳಿಗಾಲದಲ್ಲಿ ಹೆಣ್ಣು ರಾಬಿನ್ ಕೂಡ ತನ್ನದೇ ಬೇರೆ ಗಡಿ ಕಾಯುತ್ತದೆ, ಹಾಡುತ್ತದೆ ಎಂಬುದು ಈಗ ನಮಗೆ ಗೊತ್ತು. ಹೊಸ ವರ್ಷದ ಆಸುಪಾಸಿನಲ್ಲಿ ಹೆಣ್ಣು ಗಂಡಿನ ಗಡಿಯೊಳಗೆ ಬಂದು ಜೋಡಿಯಾಗುತ್ತದೆ. ಅಲ್ಲಿಯವರೆಗೆ ಒಂದು ಹುಳುವನ್ನೂ ಹಂಚಿಕೊಳ್ಳದ ಗಂಡು, ವಸಂತ ಬಂದೊಡನೆ ತಾನು ಪಡೆದ ಹುಳುವನ್ನು ಹೆಣ್ಣಿನ ಬಾಯಿಗೆ ಕೊಡುತ್ತದೆ. ಮೊಟ್ಟೆಯಿಡಲಿರುವ ಹೆಣ್ಣಿಗೆ ಹೆಚ್ಚಿನ ಆಹಾರ ಬೇಕಲ್ಲ!

ಇವನ್ನೆಲ್ಲ ಸೇರಿಸಿ ಗ್ರೇ 1927ರಲ್ಲಿ ಹಕ್ಕಿಗಳ ಬಗ್ಗೆ ಒಂದು ಪುಸ್ತಕ ತಂದರು. ಅದರ ಬಹುಭಾಗ ಹಕ್ಕಿಗಳ ಹಾಡಿನ ಕುರಿತದ್ದು. ಕಿವಿ ಕೈಕೊಟ್ಟಿರಲಿಲ್ಲ, ನೋಡಿ.

ಉಂಗುರ ತೊಡಿಸಿದ ಮೇಷ್ಟ್ರು

1933ರ ಸೆಪ್ಟೆಂಬರ್ 7ರಂದು ಗ್ರೇ ಫ್ಯಾಲೊಡನ್ನಿನಲ್ಲಿ ನಿಧನರಾದರು. ಅದೇ ವರ್ಷ ಇಂಗ್ಲೆಂಡಿನ ಇನ್ನೊಂದು ತುದಿಯಲ್ಲಿ, ಡೆವನ್ ಜಿಲ್ಲೆಯ ಡಾರ್ಟಿಂಗ್ಟನ್ ಶಾಲೆಗೆ ಡೇವಿಡ್ ಲ್ಯಾಕ್ ಎಂಬ 23 ವರ್ಷದ ಜೀವಶಾಸ್ತ್ರದ ಮೇಷ್ಟ್ರು ಬಂದು ಸೇರಿದರು. ಬಿಳಿ ಗರಿಯಂಥ ಗುರುತು ತಾನಾಗಿ ಸಿಗುವವರೆಗೆ ಅವರು ಕಾಯಲಿಲ್ಲ. ಶಾಲೆಯ ಸುತ್ತಲಿನ ರಾಬಿನ್‌ಗಳನ್ನು ಹಿಡಿದು, ಕಾಲಿಗೆ ಬಣ್ಣಬಣ್ಣದ ಉಂಗುರ ತೊಡಿಸಿ ಬಿಟ್ಟರು. ಕೆಂಪು ಉಂಗುರದ್ದು ಎಲ್ಲಿ ಹೋಯಿತು, ಹಳದಿಯದು ಯಾರೊಡನೆ ಜಗಳವಾಡಿತು ಎಂದು ವರ್ಷಗಟ್ಟಲೆ ಬರೆದಿಟ್ಟರು. ಬರಿಯ ಕೆಂಪು ಗರಿಗಳ ಒಂದು ಕಟ್ಟನ್ನು ತೋಟದಲ್ಲಿ ಇಟ್ಟರೂ ರಾಬಿನ್ ಅದನ್ನು ಶತ್ರುವೆಂದು ಭಾವಿಸಿ ಮೇಲೆರಗುತ್ತದೆ ಎಂದು ತೋರಿಸಿದರು! ಅವರ ರಾಬಿನ್ ಪುಸ್ತಕ 1943ರಲ್ಲಿ ಬಂತು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಗ್ರೇ ಅವರ ಹೆಸರಿನಲ್ಲಿ ಒಂದು ಪಕ್ಷಿ ಅಧ್ಯಯನ ಸಂಸ್ಥೆ ಆರಂಭವಾಗಿತ್ತು. 1945ರಲ್ಲಿ ಅದರ ನಿರ್ದೇಶಕರಾಗಿ ಬಂದವರು ಇದೇ ಲ್ಯಾಕ್ ಮೇಷ್ಟ್ರು. 1947ರಲ್ಲಿ ಅವರು ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಮರದ ಗೂಡುಪೆಟ್ಟಿಗೆಗಳನ್ನು ಕಟ್ಟಿ ಗ್ರೇಟ್ ಟಿಟ್ ಎಂಬ ಹಕ್ಕಿಯ ಅಧ್ಯಯನ ಆರಂಭಿಸಿದರು. ಕಪ್ಪು ತಲೆ, ಬಿಳಿ ಕೆನ್ನೆಯ ಹಕ್ಕಿ ಇದು. ಇದರ ಹತ್ತಿರದ ಸಂಬಂಧಿಯೊಂದು ನಮ್ಮ ರಾಜ್ಯದ ಕಾಡುಗಳಲ್ಲೂ ಇದೆ.

ಬ್ರಿಟನ್ನಿನ ಹಿತ್ತಲುಗಳಲ್ಲಿ ಹಕ್ಕಿಗಳಿಗೆ ಆಹಾರ ಹಾಕುವ ಅಭ್ಯಾಸ ನೂರು ವರ್ಷ ದಾಟಿದೆ. ಇದರಿಂದ ಒಳ್ಳೆಯದೇ ಆಗಿದೆಯೇ? ಪೂರ್ತಿ ಹೌದೆನ್ನಲಾಗದು. ಒಂದೇ ತಟ್ಟೆಗೆ ಹತ್ತಾರು ಹಕ್ಕಿಗಳು ಬಾಯಿ ಹಾಕುವಲ್ಲಿ ರೋಗವೂ ಹರಡುತ್ತದೆ. 2005ರಿಂದ ಅಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿಗಳು ಗಂಟಲಿನ ಒಂದು ಪರಾವಲಂಬಿ ರೋಗದಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತವು. ತಟ್ಟೆಗಳನ್ನು ಆಗಾಗ ತೊಳೆಯಬೇಕು, ನೀರನ್ನು ದಿನವೂ ಬದಲಿಸಬೇಕು ಎಂದು ಅಲ್ಲಿನವರು ಒತ್ತಿ ಹೇಳುವುದು ಇದಕ್ಕೇ. ಬೇಸಿಗೆಯಲ್ಲಿ ಶಾಲೆಯಂಗಳದಲ್ಲಿ ಹಕ್ಕಿಗಳಿಗೆ ನೀರಿಡುವ ನಿಮಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು ಬದಲಾವಣೆ ಯಾರೂ ಎಣಿಸದೇ ಇದ್ದದ್ದು. ವೈಥಮ್ ಕಾಡಿನ ಗ್ರೇಟ್ ಟಿಟ್‌ಗಳನ್ನು ನೆದರ್ಲೆಂಡ್ಸ್ ದೇಶದ ಗ್ರೇಟ್ ಟಿಟ್‌ಗಳೊಂದಿಗೆ ಹೋಲಿಸಿದ ವಿಜ್ಞಾನಿಗಳು 2017ರಲ್ಲಿ ಒಂದು ವಿಷಯ ಪ್ರಕಟಿಸಿದರು. ಬ್ರಿಟನ್ನಿನ ಹಕ್ಕಿಗಳ ಕೊಕ್ಕು ಉದ್ದ! ವೈಥಮ್‌ನ ಹಳೆಯ ಅಳತೆಗಳನ್ನು ತೆಗೆದು ನೋಡಿದರೆ ಅದು ಕೆಲವೇ ದಶಕಗಳಲ್ಲಿ ಬೆಳೆದು ಬಂದದ್ದೂ ಕಂಡಿತು. ಉದ್ದ ಕೊಕ್ಕಿಗೆ ಸಂಬಂಧಿಸಿದ ಜೀನ್ ಇರುವ ಹಕ್ಕಿಗಳು ಆಹಾರದ ಡಬ್ಬಿಗಳಿಗೆ ಹೆಚ್ಚು ಬಾರಿ ಬರುತ್ತಿದ್ದವು. ಜಾಲರಿಯ ಡಬ್ಬಿಯೊಳಗಿನ ಕಾಳನ್ನು ಎಳೆಯಲು ಉದ್ದ ಕೊಕ್ಕು ಅನುಕೂಲವಾಗಿರಬಹುದು ಎಂಬುದು ಅವರ ಊಹೆ. ಇದು ಇನ್ನೂ ಊಹೆಯೇ. ವೈಥಮ್ ಕಾಡಿನಲ್ಲಿ ಪ್ರತಿ ವಸಂತದಲ್ಲೂ ಪೆಟ್ಟಿಗೆಗಳನ್ನು ತೆರೆದು, ಮರಿಗಳನ್ನು ತೂಗಿ, ಕಾಲಿಗೆ ಉಂಗುರ ತೊಡಿಸುವ ಕೆಲಸ ಈಗಲೂ ನಡೆಯುತ್ತಿದೆ.